ಸ್ಟೋಕ್ ರೋ ಬಾವಿ: ವಿಕ್ಟೋರಿಯಾ ಕಾಲದ ಇಂಗ್ಲಿಷ್ ಹಳ್ಳಿಯಲ್ಲಿ ನೀರು ಯಾರ ಹೊಣೆಯಾಗಿತ್ತು?

ಬಾವಿಕಟ್ಟೆ:

ಎಲ್ಲರಿಗೂ ನಮಸ್ಕಾರ. ರೆಡಿಂಗ್‌ಗೆ ಬಂದು ಆರು ವರ್ಷವಾದರೂ ಸುತ್ತಲಿನ ಹಳ್ಳಿಗಳನ್ನು ಸರಿಯಾಗಿ ನೋಡಿರಲಿಲ್ಲ. ಕಳೆದ ಭಾನುವಾರ ಆಕ್ಸ್‌ಫರ್ಡ್‌ಶೈರಿನ ಸ್ಟೋಕ್ ರೋಗೆ ಹೋಗಿದ್ದೆ. ಚಿಲ್ಟರ್ನ್ ಗುಡ್ಡಗಳ ಮೇಲಿರುವ ಸಣ್ಣ ಊರು. ರಸ್ತೆ ಪಕ್ಕದಲ್ಲೇ ಒಂದು ಗುಮ್ಮಟ ಕಾಣಿಸಿತು. ನಾಲ್ಕೂ ಕಡೆ ತೆರೆದ ಕಬ್ಬಿಣದ ಮಂಟಪ, ಒಳಗೆ ನೀರು ಸೇದುವ ಯಂತ್ರ, ಅದರ ಮೇಲೆ ಚಿನ್ನದ ಬಣ್ಣದ ಆನೆ. ಇಂಗ್ಲೆಂಡಿನ ಹಳ್ಳಿಯಲ್ಲಿ ಇಂಥದ್ದನ್ನು ನೋಡಿ ನಿಂತಲ್ಲೇ ನಿಂತುಬಿಟ್ಟೆ.

ಅದು ಕಾಶಿಯ ಮಹಾರಾಜ ಈಶ್ವರೀ ಪ್ರಸಾದ್ ನಾರಾಯಣ ಸಿಂಗ್ ತೋಡಿಸಿಕೊಟ್ಟ ಬಾವಿ. 1863ರಲ್ಲಿ ಕೆಲಸ ಶುರುವಾಯಿತು. 1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಬಾವಿಯನ್ನು ಊರಿಗೆ ಬಿಟ್ಟುಕೊಟ್ಟರು. ಆಳ 368 ಅಡಿ, ಅಗಲ ಬರೀ 4 ಅಡಿ. ಪೂರ್ತಿ ಕೈಯಲ್ಲೇ ತೋಡಿದ್ದು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಅದರೊಳಗೆ ನಿಲ್ಲಿಸಬಹುದಾಗಿದ್ದರೆ, ಶಿಖರದ ತುದಿಯೂ ಮೇಲಕ್ಕೆ ಬರುತ್ತಿರಲಿಲ್ಲ, ಅಷ್ಟು ಆಳ. ಕೊಡಗಳಲ್ಲಿ ಹೊತ್ತು ಮುಗಿಯದಷ್ಟು ಮಳೆ ಬೀಳುವ ದೇಶದಲ್ಲಿ ಇಷ್ಟು ಆಳದ ಬಾವಿ ಯಾಕೆ ಬೇಕಾಯಿತು ಎಂದು ನನಗೂ ಅನಿಸಿತ್ತು.

ಕಾರಣ ಅಲ್ಲಿನ ನೆಲ. ಚಿಲ್ಟರ್ನ್ ಗುಡ್ಡಗಳೆಂದರೆ ಸೀಮೆಸುಣ್ಣದಂಥ ಬಿಳಿ ಮೆದುಕಲ್ಲು. ಬಿದ್ದ ಮಳೆ ಮೇಲೆ ನಿಲ್ಲುವುದಿಲ್ಲ, ಸೋಸಿಕೊಂಡು ತುಂಬಾ ಕೆಳಗೆ ಹೋಗಿಬಿಡುತ್ತದೆ. ಹಾಗಾಗಿ ಗುಡ್ಡದ ಮೇಲಿನ ಜನ ಜೇಡಿಮಣ್ಣಿನ ಹೊಂಡಗಳಲ್ಲಿ ನಿಂತ ಮಳೆನೀರನ್ನೇ ಕುಡಿಯಬೇಕಿತ್ತು. ಬೇಸಗೆಯಲ್ಲಿ ಅದೂ ಬತ್ತುತ್ತಿತ್ತು.

ಪಕ್ಕದ ಇಪ್ಸ್‌ಡೆನ್ ಊರಿನ ಜಮೀನುದಾರ ಮನೆತನದ ಎಡ್ವರ್ಡ್ ಆಂಡರ್ಡನ್ ರೀಡ್ ಕಾಶಿಯ ಕಡೆ ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದ. 1831ರಲ್ಲಿ ಆಜಂಗಢದಲ್ಲಿ ಅಲ್ಲಿಯ ಜನರಿಗಾಗಿ ಒಂದು ಬಾವಿ ತೋಡಿಸಲು ನೆರವಾಗಿದ್ದ. ಮಹಾರಾಜನ ಜೊತೆ ಮಾತಾಡುವಾಗ ತನ್ನ ಊರಿನ ಕಡೆಯ ನೀರಿನ ಕಷ್ಟ ಹೇಳಿಕೊಂಡನಂತೆ. ಮನೆಯಲ್ಲಿ ಉಳಿದಿದ್ದ ಕೊನೆಯ ನೀರು ಕುಡಿದುಬಿಟ್ಟ ಎಂದು ಒಬ್ಬ ತಾಯಿ ಮಗನಿಗೆ ಹೊಡೆದ ಕಥೆ ಅದು. ಮುಂದೆ ಇಂಗ್ಲೆಂಡಿನಲ್ಲಿ ಏನಾದರೂ ದಾನ ಮಾಡಬೇಕು ಎನಿಸಿದಾಗ ಮಹಾರಾಜನಿಗೆ ಆ ಹುಡುಗನೇ ನೆನಪಾದ.

ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. 1851ರ ದೊಡ್ಡ ಪ್ರದರ್ಶನದಲ್ಲಿ ಜಗತ್ತಿನ ಯಂತ್ರಗಳನ್ನೆಲ್ಲ ತಂದು ತೋರಿಸಿದ ದೇಶ ಇದು. ಅದರ ರಾಜಧಾನಿಯಿಂದ 40 ಮೈಲಿ ಒಳಗಿರುವ ಹಳ್ಳಿಗೆ ನೀರು ಕೊಡಲು ಕಾಶಿಯ ರಾಜನೇ ಯಾಕೆ ಬೇಕಾಯಿತು? ಊರಿಗೆ ನೀರು ಕೊಡುವುದು ಯಾರ ಕೆಲಸವಾಗಿತ್ತು?

ಹಳೇರೈಲು:

ಒಳ್ಳೆ ಬರಹ, ಬಾವಿಕಟ್ಟೆಯವರೇ. ಆದರೆ ಆ ಕಾಲದ ಹಳ್ಳಿ ಎಂದ ತಕ್ಷಣ ಹಿಂದುಳಿದದ್ದು, ನಿಂತ ನೀರು ಎಂದುಕೊಳ್ಳುವುದು ಬೇಡ. ರೈಲು ಬಂದ ಮೇಲೆ ನಿಮ್ಮ ರೆಡಿಂಗ್ ಸುತ್ತಲಿನ ಊರುಗಳು ಗುರುತು ಸಿಗದಷ್ಟು ಬದಲಾದವು.

ಗಡಿಯಾರದಿಂದಲೇ ಶುರು ಮಾಡೋಣ. ಮೊದಲು ಪ್ರತಿ ಊರಿಗೂ ಸೂರ್ಯನನ್ನು ನೋಡಿಕೊಂಡು ತನ್ನದೇ ಸಮಯ ಇತ್ತು. ರೆಡಿಂಗ್ ಸಮಯ ಲಂಡನ್ನಿಗಿಂತ 4 ನಿಮಿಷ ಹಿಂದೆ. ಬಾತ್, ಬ್ರಿಸ್ಟಲ್ 11 ನಿಮಿಷ ಹಿಂದೆ. ಗ್ರೇಟ್ ವೆಸ್ಟರ್ನ್ ರೈಲ್ವೆ ತನ್ನ ವೇಳಾಪಟ್ಟಿಯಲ್ಲೇ ಇದನ್ನು ಅಚ್ಚು ಹಾಕಿಸಬೇಕಾಯಿತು. ಬ್ರಿಸ್ಟಲ್‌ನ ಒಂದು ಗಡಿಯಾರಕ್ಕೆ ಇವತ್ತಿಗೂ ಎರಡು ನಿಮಿಷದ ಮುಳ್ಳುಗಳಿವೆ, ಒಂದು ಊರಿನ ಸಮಯಕ್ಕೆ, ಇನ್ನೊಂದು ರೈಲಿನ ಸಮಯಕ್ಕೆ. 1880ರಲ್ಲಿ ಕಾನೂನು ಬಂದು ದೇಶಕ್ಕೆಲ್ಲ ಒಂದೇ ಸಮಯ ಆಯಿತು.

ಆಮೇಲೆ ಹಾಲು. ಹಳ್ಳಿಯ ಹಾಲು ರೈಲು ಹತ್ತುವ ಮೊದಲು ಲಂಡನ್ ಜನ ಕುಡಿಯುತ್ತಿದ್ದ ಹಾಲಿನಲ್ಲಿ ಬಹಳಷ್ಟು ಪಟ್ಟಣದೊಳಗಿನ ಕೊಟ್ಟಿಗೆಗಳದ್ದೇ. 1865–66ರಲ್ಲಿ ದನಗಳಿಗೆ ದೊಡ್ಡ ರೋಗ ಬಂದು ಆ ಕೊಟ್ಟಿಗೆಗಳು ಬರಿದಾದವು. ಆಗ ಬರ್ಕ್‌ಶೈರ್, ವಿಲ್ಟ್‌ಶೈರ್ ಹಳ್ಳಿಗಳ ಹಾಲು ದೊಡ್ಡ ಕ್ಯಾನುಗಳಲ್ಲಿ ರೈಲು ಹತ್ತಿತು. ಒಂದೊಂದು ಕ್ಯಾನಿನಲ್ಲಿ 17 ಗ್ಯಾಲನ್, ಅಂದರೆ ಸುಮಾರು 77 ಲೀಟರ್. ಗಿಣ್ಣು ಹಾಕುತ್ತಿದ್ದ ಮನೆಗಳು ಹಾಲು ಮಾರುವ ಮನೆಗಳಾದವು. ತಪ್ಪಾಯಿತು, ಗಿಣ್ಣು ಅಲ್ಲ, ಅವರ ಚೀಸು. ನಮ್ಮ ಗಿಣ್ಣೇ ಬೇರೆ. ಹಾಲು ಕರೆಯುವ ಹೊತ್ತನ್ನು ರೈಲಿನ ಹೊತ್ತು ನಿರ್ಧರಿಸಿತು. ರೈಲಿಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ.

ಹಾಗಾಗಿ ನೀರಿನ ಬಾವಿಗಿಂತ ಹಾಲಿನ ರೈಲು ಹಳ್ಳಿಯನ್ನು ಜಾಸ್ತಿ ಬದಲಾಯಿಸಿತು ಎಂದು ನನ್ನ ಅನಿಸಿಕೆ.

ಮೇಷ್ಟ್ರಮಗಳು:

ಹಳೇರೈಲು ಸರ್, ಆ ಹಾಲಿನ ಹಣ ಜಮೀನು ಇದ್ದವರಿಗೆ ಸಿಕ್ಕಿತು. ಕೂಲಿಯವನ ಮನೆಗೆ ಏನು ಬಂತು ಎಂದು ನೋಡಬೇಕು ಅಲ್ವಾ?

ನಮ್ಮ ತಂದೆ ಹಳ್ಳಿ ಶಾಲೆಯ ಮೇಷ್ಟ್ರು. ಹಾಜರಿ ಪುಸ್ತಕ ನೋಡಿದರೆ ಊರಿನ ಹೊಟ್ಟೆ ಕಾಣಿಸುತ್ತದೆ ಎನ್ನುತ್ತಿದ್ದರು. ಇಂಗ್ಲೆಂಡಿನ ಹಳ್ಳಿ ಶಾಲೆಗಳ ದಿನಚರಿ ಪುಸ್ತಕಗಳ ಬಗ್ಗೆ ಓದಿದಾಗ ಅದೇ ಮಾತು ನೆನಪಾಯಿತು. 1862ರ ಹೊಸ ನಿಯಮದ ನಂತರ ಸರ್ಕಾರದ ಹಣ ಪಡೆಯುವ ಶಾಲೆಗಳು ಇಂಥ ಪುಸ್ತಕ ಇಡಲೇಬೇಕಿತ್ತು. ಹಣ ಬರುತ್ತಿದ್ದುದೂ ಲೆಕ್ಕ ಹಾಕಿಯೇ. ಹಾಜರಿಗೆ ತಲೆಗೆ 4 ಶಿಲ್ಲಿಂಗ್ (ಆಗ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್). ಓದು, ಬರಹ, ಲೆಕ್ಕ ಮೂರರಲ್ಲಿ ಒಂದೊಂದು ಪಾಸಿಗೆ 2 ಶಿಲ್ಲಿಂಗ್ 8 ಪೆನ್ಸ್. ಇನ್‌ಸ್ಪೆಕ್ಟರ್ ಬರುವ ದಿನ ಮಗು ಹೆದರಿ ತಪ್ಪು ಹೇಳಿದರೆ ಶಾಲೆಗೆ ಬರುವ ಹಣ ಕಡಿಮೆಯಾಗುತ್ತಿತ್ತು. ಬಡ ಮೇಷ್ಟ್ರ ಎದೆ ಹೇಗೆ ಹೊಡೆದುಕೊಂಡಿರಬೇಕು!

ಮಕ್ಕಳು ಶಾಲೆ ತಪ್ಪಿಸಿದ ಕಾರಣಗಳನ್ನು ನೋಡಿ. ಬಿತ್ತಿದ ಹೊಲದಲ್ಲಿ ಹಕ್ಕಿ ಓಡಿಸುವುದು, ಹೊಲದ ಕಲ್ಲು ಆರಿಸುವುದು, ಆಲೂಗಡ್ಡೆ ಕೀಳುವುದು, ಹಂದಿಗಳಿಗೆ ಓಕ್ ಮರದ ಕಾಯಿ ಹೆಕ್ಕುವುದು. ಕೊಯ್ಲು ಮುಗಿದ ಮೇಲೆ ಅಮ್ಮನ ಜೊತೆ ಹಕ್ಕಲು ಆಯುವುದು. ಹೌದು, ನಮ್ಮಲ್ಲಿ ರಾಗಿ ಹೊಲದಲ್ಲಿ ಹಕ್ಕಲು ಆಯುವ ಹಾಗೆಯೇ ಅಲ್ಲಿ ಗೋಧಿ ತೆನೆ. ಕೆಲವು ಊರುಗಳಲ್ಲಿ ಅದಕ್ಕೆ ಚರ್ಚಿನ ಗಂಟೆ ಹೊಡೆಯುತ್ತಿದ್ದರು. ಗಂಟೆಗೆ ಮುಂಚೆ ಯಾರೂ ಹೊಲಕ್ಕೆ ಇಳಿಯುವಂತಿಲ್ಲ. ಒಂದು ಮನೆಯ ಚಳಿಗಾಲದ ಹಿಟ್ಟಿಗೆ ಈ ಹಕ್ಕಲು ಆಸರೆ.

1870ರ ಕಾನೂನು ಶಾಲೆ ಇಲ್ಲದ ಕಡೆ ಶಾಲೆ ಕಟ್ಟಿಸಿತು. 1880ರಲ್ಲಿ 10 ವರ್ಷದವರೆಗೆ ಶಾಲೆ ಕಡ್ಡಾಯವಾಯಿತು. ಆದರೂ ವಾರವಾರ ಫೀಸು ತರಬೇಕಿತ್ತು. ಹೆಚ್ಚಿನ ಕಡೆ ಅದು ತಪ್ಪಿದ್ದು 1891ರಲ್ಲಿ. ಆ ಸ್ಟೋಕ್ ರೋ ಹುಡುಗ ನೀರು ಕುಡಿದ ಕಾಲಕ್ಕೆ ಇದ್ಯಾವುದೂ ಇರಲಿಲ್ಲ.

ಬಯಲುಸೀಮೆ:

ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಒಂದು ಮಾತು ಹೇಳಲೇಬೇಕು. ಕಾಶಿಯ ಮಹಾರಾಜನ ಹಣ ಯಾರದ್ದು? ಅಲ್ಲಿಯ ರೈತ ಕೊಟ್ಟ ಕಂದಾಯ. 1857ರ ದಂಗೆಯಲ್ಲಿ ಬ್ರಿಟಿಷರ ಪರ ನಿಂತ ರಾಜ, ದಂಗೆ ಮುಗಿದ ಆರೇ ವರ್ಷಕ್ಕೆ ರಾಣಿಯ ಹುಟ್ಟುಹಬ್ಬ ನೋಡಿಕೊಂಡು ಬಾವಿ ಕೊಡುತ್ತಾನೆ. ಇದರಲ್ಲಿ ದಯೆ ಎಷ್ಟು, ರಾಜಕೀಯ ಎಷ್ಟು ಎಂದು ಕೇಳದೆ ಕೈ ಮುಗಿಯುವುದು ನನಗೆ ಕಷ್ಟ. ಕಾಶಿಯ ಸುತ್ತಲಿನ ಹಳ್ಳಿಗಳಲ್ಲೂ ಬಾಯಾರಿದ ಮಕ್ಕಳು ಇದ್ದರು.

ಬಾವಿಕಟ್ಟೆ:

ಬಯಲುಸೀಮೆಯವರೇ, ನಿಮ್ಮ ಮಾತು ನಿಜ, ಮನಸ್ಸಿಗೆ ತಟ್ಟಿತು. ರಾಜ ಬ್ರಿಟಿಷರಿಗೆ ಹತ್ತಿರವಾಗಿದ್ದ, ಆ ಸ್ನೇಹ ತೋರಿಸಿಕೊಳ್ಳಲು ಇದೊಂದು ದಾರಿಯಾಗಿತ್ತು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನನಗೆ ಕೊಟ್ಟವನಿಗಿಂತ ತೆಗೆದುಕೊಂಡವರ ಸ್ಥಿತಿ ಮುಖ್ಯ.

ಲೆಕ್ಕ ನೋಡಿ. ಬಾವಿ ತೋಡಲು 14 ತಿಂಗಳು ಹಿಡಿಯಿತು, ಖರ್ಚು 350 ಪೌಂಡ್‌ಗೂ ಸ್ವಲ್ಪ ಜಾಸ್ತಿ. ಆಗ ದಕ್ಷಿಣದ ಹಳ್ಳಿಗಳಲ್ಲಿ ಕೂಲಿಯವನಿಗೆ ವಾರಕ್ಕೆ 12 ಶಿಲ್ಲಿಂಗ್ ಸಿಕ್ಕರೆ ಪುಣ್ಯ. ಅಂದರೆ ಒಬ್ಬನ 11 ವರ್ಷದ ಕೂಲಿ. ಚಿಲ್ಟರ್ನ್ ಕಾಡಿನಲ್ಲಿ ಬೀಚ್ ಮರ ಕಡಿದು, ಕಾಲಿನಿಂದ ಲೇತು ತುಳಿದು ಕುರ್ಚಿಯ ಕಾಲು ಕಡೆಯುವವರ ಊರು ಅದು. ಕಡೆದ ಕಾಲುಗಳು ಹೈ ವಿಕಂಬ್‌ನ ಕುರ್ಚಿ ಕಾರ್ಖಾನೆಗಳಿಗೆ ಹೋಗುತ್ತಿದ್ದವು. ಅವರೆಲ್ಲ ಸೇರಿದರೂ 350 ಪೌಂಡ್ ಕೂಡಿಸುವುದು ಆಗದ ಮಾತು. ಕೂಡಿಸಬಲ್ಲವರು ಬೇರೆ ಇದ್ದರು. ಅವರು ಕೂಡಿಸಲಿಲ್ಲ.

ನೇಗಿಲಗೆರೆ:

ಇಲ್ಲೇ ನಾನೂ ಸೇರಿಕೊಳ್ಳುತ್ತೇನೆ. ಕೂಲಿಯ ವಿಷಯ ಬಂದರೆ ಜೋಸೆಫ್ ಆರ್ಚ್ ಹೆಸರು ಬರಲೇಬೇಕು.

ವಾರಿಕ್‌ಶೈರಿನ ಬಾರ್‌ಫರ್ಡ್ ಊರಿನವನು, ಬೇಲಿ ಕತ್ತರಿಸುವುದರಲ್ಲಿ ಎತ್ತಿದ ಕೈ, ಭಾನುವಾರ ಮೆಥಡಿಸ್ಟ್ ಎಂಬ ಕ್ರೈಸ್ತ ಪಂಗಡದ ಉಪದೇಶಕ. 1872ರ ಫೆಬ್ರವರಿ 7ರಂದು ವೆಲ್ಸ್‌ಬರ್ನ್ ಎಂಬ ಹಳ್ಳಿಯವರು ಅವನನ್ನು ಕರೆಸಿದರು. ಒಂದಿಷ್ಟು ಜನ ಬಂದಾರು ಎಂದುಕೊಂಡು ಹೋದ. ಚೆಸ್ಟ್‌ನಟ್ ಮರದ ಕೆಳಗೆ, ಕತ್ತಲಲ್ಲಿ, ಹುರುಳಿಕಾಯಿ ಬಳ್ಳಿಗೆ ಆಸರೆ ಕೊಡುವ ಕೋಲುಗಳಿಗೆ ಲಾಟೀನು ಕಟ್ಟಿಕೊಂಡು ಸಾವಿರಕ್ಕೂ ಜಾಸ್ತಿ ಜನ ನಿಂತಿದ್ದರು. ಹಂದಿ ಕಡಿಯುವ ಹಲಗೆಪೀಠವೇ ಅವನ ವೇದಿಕೆ. ಕೇಳಿದ್ದು ವಾರಕ್ಕೆ 16 ಶಿಲ್ಲಿಂಗ್. ಅದೇ ವರ್ಷ ಇಡೀ ದೇಶದ ಹೊಲದ ಕೂಲಿಗಳ ಸಂಘ ಹುಟ್ಟಿತು. ಎರಡು ವರ್ಷದಲ್ಲಿ 86,000 ಸದಸ್ಯರು.

ಇನ್ನು ನಿಮ್ಮ ಆಕ್ಸ್‌ಫರ್ಡ್‌ಶೈರಿಗೇ ಬರುತ್ತೇನೆ. 1873ರಲ್ಲಿ ಆಸ್ಕಟ್-ಅಂಡರ್-ವಿಚ್‌ವುಡ್ ಊರಲ್ಲಿ ಕೂಲಿಗಳು ಕೆಲಸ ನಿಲ್ಲಿಸಿದರು. ಜಮೀನುದಾರ ಪಕ್ಕದ ಊರಿಂದ ಇಬ್ಬರು ಹುಡುಗರನ್ನು ಕರೆಸಿದ. ಊರ ಹೆಂಗಸರು ಅಡ್ಡ ನಿಂತು, ಕೆಲಸಕ್ಕೆ ಹೋಗಬೇಡಿ ಎಂದರು. ಅಷ್ಟಕ್ಕೇ 16 ಹೆಂಗಸರ ಮೇಲೆ ಕೇಸು. ಚಿಪಿಂಗ್ ನಾರ್ಟನ್‌ನಲ್ಲಿ ನ್ಯಾಯ ಹೇಳಲು ಕೂತ ಇಬ್ಬರೂ ಚರ್ಚಿನ ಪಾದ್ರಿಗಳು. 7 ಜನಕ್ಕೆ 10 ದಿನ, 9 ಜನಕ್ಕೆ 7 ದಿನ, ಕಠಿಣ ಸಜೆ. ಇಬ್ಬರ ಮಡಿಲಲ್ಲಿ ಮೊಲೆಹಾಲು ಕುಡಿಯುವ ಕೂಸು. ಪಟ್ಟಣದ ಜನ ರೊಚ್ಚಿಗೆದ್ದು ಕಲ್ಲು ತೂರಿದರು. ಕೊನೆಗೆ ರಾತ್ರೋರಾತ್ರಿ ಗಾಡಿಯಲ್ಲಿ ಆಕ್ಸ್‌ಫರ್ಡ್ ಜೈಲಿಗೆ ಸಾಗಿಸಿದರು.

ಈ ಘಟನೆ ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಭಾನುವಾರ ಉಪದೇಶ ಹೇಳುವವನೂ ಪಾದ್ರಿ, ಶಾಲೆ ನೋಡಿಕೊಳ್ಳುವವನೂ ಪಾದ್ರಿ, ಜೈಲಿಗೆ ಕಳಿಸುವವನೂ ಪಾದ್ರಿ. ಜಮೀನು, ಮನೆ, ಕೆಲಸ ಎಲ್ಲ ದೊಡ್ಡ ಮನೆಯವರದ್ದು. ಬಾವಿಕಟ್ಟೆಯವರ ಪ್ರಶ್ನೆಗೆ ನನ್ನ ಉತ್ತರ ಇದೇ. ಹಳ್ಳಿಗೆ ನೀರು ಬರದೇ ಇದ್ದದ್ದು ಹಣ ಇಲ್ಲದ್ದಕ್ಕೆ ಅಲ್ಲ. ನೀರು ಹೊರುವವರಿಗೆ ಮಾತಾಡುವ ಜಾಗ ಇರಲಿಲ್ಲ.

ಹೊಸಬ:

ಸುಮ್ನೆ ಓದುತ್ತಿದ್ದೆ, ಒಂದು ಅನುಮಾನ. ಆಗ ಹಳ್ಳಿಗೆ ಪಂಚಾಯಿತಿ ಥರ ಏನೂ ಇರಲಿಲ್ಲವೇ?

ಬಾವಿಕಟ್ಟೆ:

ಇತ್ತು, ಚರ್ಚಿನಲ್ಲಿ ಸೇರುತ್ತಿದ್ದ ವೆಸ್ಟ್ರಿ ಎಂಬ ಸಭೆ. ಪಾದ್ರಿಯೇ ಅಧ್ಯಕ್ಷ, ತೆರಿಗೆ ಕಟ್ಟುವವರದ್ದೇ ಮಾತು. ಜಾಸ್ತಿ ಆಸ್ತಿ ಇದ್ದವನಿಗೆ ಒಂದಕ್ಕಿಂತ ಹೆಚ್ಚು ಓಟು ಕೂಡ. 1834ರಲ್ಲಿ ಬಡವರ ಪರಿಹಾರವನ್ನು ಹಳ್ಳಿಯ ಕೈಯಿಂದ ತೆಗೆದು ಹಲವು ಊರುಗಳ ಒಕ್ಕೂಟಕ್ಕೆ ಕೊಟ್ಟರು. ಕೈಲಾಗದವರು ಅನಾಥಾಲಯದಂಥ, ಆದರೆ ಜೈಲಿನ ಹಾಗೆ ನಡೆಯುತ್ತಿದ್ದ ದುಡಿಮೆ ಮನೆಗೆ ಹೋಗಬೇಕು. ಹ್ಯಾಂಪ್‌ಶೈರಿನ ಆಂಡೋವರ್‌ನಲ್ಲಿ ಗೊಬ್ಬರಕ್ಕೆಂದು ಮೂಳೆ ಪುಡಿ ಮಾಡಲು ಕೊಟ್ಟರೆ, ಹಸಿವು ತಾಳದ ಜನ ಆ ಮೂಳೆಗೆ ಅಂಟಿದ್ದ ಕೊಳೆತ ಮಾಂಸ, ಮಜ್ಜೆ ತಿಂದರು. 1845ರಲ್ಲಿ ಅದು ಬಯಲಾಗಿ ಪಾರ್ಲಿಮೆಂಟಿನವರೆಗೆ ಹೋಯಿತು.

ನೀರಿನ ಹೊಣೆ 1864ರಲ್ಲಿ ಸ್ಪಷ್ಟವಾಗಿ ಯಾರ ತಲೆಯ ಮೇಲೂ ಇರಲಿಲ್ಲ. 1872ರಲ್ಲಿ ಹಳ್ಳಿಗಾಡಿನ ಆರೋಗ್ಯ ನೋಡಿಕೊಳ್ಳುವ ಮಂಡಳಿಗಳು ಬಂದವು. ಮನೆಗಳಿಗೆ ಹತ್ತಿರದಲ್ಲಿ ಒಳ್ಳೆ ನೀರು ಇದೆಯೇ ಎಂದು ಆ ಮಂಡಳಿಗಳು ನೋಡಲೇಬೇಕು ಎಂಬ ಕಾನೂನು ಬಂದದ್ದು 1878ರಲ್ಲಿ. ಕಾಶಿಯ ಬಾವಿ ಬಂದು ಆಗಲೇ 14 ವರ್ಷ ಕಳೆದಿತ್ತು.

ನೇಗಿಲಗೆರೆ:

ಆಮೇಲೆ ಓಟು. 1884ರ ಕಾನೂನಿನಿಂದ ಹೊಲದ ಕೂಲಿ ಗಂಡಸರಲ್ಲಿ ಮನೆ ಇದ್ದವರಿಗೆ ಓಟು ಸಿಕ್ಕಿತು. ಮರುವರ್ಷವೇ ಆರ್ಚ್ ನಾರ್‌ಫೋಕ್‌ನಿಂದ ಗೆದ್ದು ಪಾರ್ಲಿಮೆಂಟಿಗೆ ಹೋದ. 1894ರಲ್ಲಿ ಹಳ್ಳಿಗಳಿಗೆ ಚುನಾಯಿತ ಮಂಡಳಿ ಬಂತು, 300 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದ ಊರಿಗೆಲ್ಲ. ಮೊದಲ ಚುನಾವಣೆ ಅದೇ ಡಿಸೆಂಬರ್‌ನಲ್ಲಿ.

ಆ ಕಾನೂನಿನ ಸಣ್ಣ ಸಣ್ಣ ಮಾತುಗಳು ನನಗೆ ತುಂಬಾ ಇಷ್ಟ. ಊರ ಸಭೆ ಸಂಜೆ 6ಕ್ಕಿಂತ ಮುಂಚೆ ಶುರುವಾಗಬಾರದು. ಯಾಕೆಂದರೆ ಕೂಲಿಯವನು ಹೊಲದಿಂದ ಬಂದು ಕೈಕಾಲು ತೊಳೆಯಬೇಕು. ಬೇರೆ ಜಾಗ ಇದ್ದರೆ ಹೆಂಡದಂಗಡಿಯಲ್ಲಿ ಸಭೆ ಮಾಡಬಾರದು, ಶಾಲೆಯ ಕೋಣೆಯನ್ನು ಬಾಡಿಗೆ ಇಲ್ಲದೆ ಬಳಸಬಹುದು. ಹೆಂಗಸರು, ಮದುವೆಯಾದವರು ಕೂಡ, ಓಟು ಹಾಕಬಹುದು, ಚುನಾವಣೆಗೆ ನಿಲ್ಲಬಹುದು. ಪಾರ್ಲಿಮೆಂಟಿಗೆ ಹೆಂಗಸರ ಓಟು ಬರುವುದಕ್ಕೆ ಇನ್ನೂ 24 ವರ್ಷ ಇತ್ತು!

ಮೇಷ್ಟ್ರಮಗಳು:

ಶಾಲೆಯ ಕೋಣೆ ಎಂದಾಗ ಖುಷಿಯಾಯಿತು. ಹಗಲು ಮಗ ಮಗ್ಗಿ ಹೇಳಿದ ಬೆಂಚಿನ ಮೇಲೆ ರಾತ್ರಿ ಅಮ್ಮ ಕೂತು ಕೈ ಎತ್ತಿದ್ದಾಳೆ.

ಹಳೇರೈಲು:

ಆ ಮಂಡಳಿಯನ್ನು ತುಂಬಾ ಮೇಲಕ್ಕೆ ಎತ್ತಬೇಡಿ. ಅದರ ಕೈ ಕಟ್ಟಿಹಾಕಿದ್ದರು. ಊರಿನ ಬಾವಿ, ಒರತೆ, ಹಳ್ಳದ ನೀರನ್ನು ಜನರಿಗೆ ಒದಗಿಸುವ ಅಧಿಕಾರ ಕೊಟ್ಟರು, ಸರಿ. ಆದರೆ ತೆರಿಗೆ? ಆಸ್ತಿಗೆ ಕಟ್ಟಿದ ತೆರಿಗೆ ಬೆಲೆಯ ಪ್ರತಿ ಪೌಂಡಿಗೆ 3 ಪೆನ್ಸ್ ಮಾತ್ರ. ಊರ ಸಭೆ ಒಪ್ಪಿದರೆ 6 ಪೆನ್ಸ್. ಚಿಲ್ಟರ್ನ್ ಗುಡ್ಡದ ಮೇಲೆ 368 ಅಡಿ ತೋಡುವುದಕ್ಕೆ ಅದು ಯಾವ ಮೂಲೆಗೆ ಸಾಲುತ್ತದೆ?

ಅಷ್ಟು ಹೊತ್ತಿಗೆ ಹಳ್ಳಿಯೇ ಖಾಲಿಯಾಗುತ್ತಿತ್ತು. ಅಮೆರಿಕದ ಗೋಧಿ ಹಡಗು ತುಂಬಿ ಬಂತು. 1879ರಲ್ಲಿ ಮಳೆ ಬೆಳೆಯನ್ನೆಲ್ಲ ಕೊಳೆಸಿದರೂ ಗೋಧಿ ಬೆಲೆ ಏರಲಿಲ್ಲ. 1870ರ ಆಸುಪಾಸಿನಲ್ಲಿ ಒಂದು ಕ್ವಾರ್ಟರ್ ಅಳತೆಗೆ 50 ಶಿಲ್ಲಿಂಗ್ ದಾಟುತ್ತಿದ್ದದ್ದು 1894ರಲ್ಲಿ 22 ಶಿಲ್ಲಿಂಗ್ 10 ಪೆನ್ಸ್‌ಗೆ ಕುಸಿಯಿತು. ಊರಿಗೆ ಮಂಡಳಿ ಬಂದ ವರ್ಷವೇ ಅದು. 1851ರಲ್ಲಿ ದೇಶದ ಅರ್ಧದಷ್ಟು ಜನ ಪಟ್ಟಣಗಳಲ್ಲಿದ್ದರು, 1901ಕ್ಕೆ ಮುಕ್ಕಾಲು ಪಾಲು. ಓದು ಕಲಿತ ಹುಡುಗರು ನಾನು ಹೊಗಳಿದ ರೈಲನ್ನೇ ಹತ್ತಿ ಹೋದರು. ಮೇಷ್ಟ್ರಮಗಳು ಕೇಳಿದ್ದಕ್ಕೆ ಇದು ನನ್ನ ತಡವಾದ ಉತ್ತರ. ಹಾಲಿನ ಹಣ ಕೂಲಿಯ ಮನೆಗೆ ಹೋಗಲಿಲ್ಲ, ನೀವು ಹೇಳಿದ್ದೇ ಸರಿ.

ನೇಗಿಲಗೆರೆ:

ಅಧಿಕಾರ ಸಣ್ಣದು ನಿಜ. ಆದರೆ ಪಾದ್ರಿಯ ಎದುರು ನಿಂತು "ನಮ್ಮ ಬೀದಿಗೆ ನೀರಿಲ್ಲ" ಎಂದು ಹೇಳಿ, ಅದನ್ನು ಪುಸ್ತಕದಲ್ಲಿ ಬರೆಸಬಹುದಾಯಿತು. ಹೇಳಿದ್ದಕ್ಕೆ ಯಾರೂ ಜೈಲಿಗೆ ಹಾಕುವಂತಿಲ್ಲ. ಆಸ್ಕಟ್ ಹೆಂಗಸರು ಜೈಲಿಗೆ ಹೋಗಿ ಆಗ 21 ವರ್ಷ ಕಳೆದಿತ್ತಷ್ಟೇ. ನನಗೆ ಅದು ಸಣ್ಣದಾಗಿ ಕಾಣುವುದಿಲ್ಲ.

ಬಯಲುಸೀಮೆ:

ಈಗ ನನಗೆ ಬೇರೆ ಪ್ರಶ್ನೆ ಬಂದಿದೆ. ದಾನ ಕೊಟ್ಟವನು ಕೊಟ್ಟು ಹೋಗುತ್ತಾನೆ. ನಮ್ಮ ಅಜ್ಜಿ ಮನೆಯಲ್ಲಿ ಸೇದುವ ಬಾವಿ ಇತ್ತು, ವರ್ಷಕ್ಕೆ ಎರಡು ಹಗ್ಗ ಸವೆಯುತ್ತಿತ್ತು, ರಾಟೆಗೆ ಎಣ್ಣೆ ಹಾಕದಿದ್ದರೆ ಬೀದಿಗೆಲ್ಲ ಕೇಳುತ್ತಿತ್ತು. ಅದು 40 ಅಡಿಯ ಬಾವಿ. 368 ಅಡಿ ಬಾವಿಯನ್ನು ಯಾರು ನೋಡಿಕೊಂಡರು? ರಾಜ ಕಾಶಿಯಲ್ಲಿ, ಊರವರ ಕೈಯಲ್ಲಿ ಕಾಸಿಲ್ಲ.

ಬಾವಿಕಟ್ಟೆ:

ಇದನ್ನು ಮೊದಲೇ ಬರೆಯಬೇಕಿತ್ತು. ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ನೀರು ತುಂಬಿದ ಬಕೆಟ್ 9 ಗ್ಯಾಲನ್, ಸುಮಾರು 41 ಲೀಟರ್. ಚಕ್ರ ತಿರುಗಿಸಿ ಮೇಲಕ್ಕೆ ತರಲು 10 ನಿಮಿಷ ಬೇಕಿತ್ತು. ಯಂತ್ರವನ್ನು ಹತ್ತಿರದ ವಾಲಿಂಗ್‌ಫರ್ಡ್ ಪಟ್ಟಣದ ಕಬ್ಬಿಣದ ಕೆಲಸದವರು ಮಾಡಿಕೊಟ್ಟರು. ಬಾವಿ ನೋಡಿಕೊಳ್ಳುವವನಿಗೆ ಪಕ್ಕದಲ್ಲೇ ಒಂದು ಪುಟ್ಟ ಮನೆ. ಇನ್ನು ಖರ್ಚಿಗೆ, ಬಾವಿಯ ಬಳಿ ಜಮೀನು ತೆಗೆದುಕೊಂಡು ಚೆರ್ರಿ ತೋಟ ಹಾಕಿಸಿದರು. ರಾಜನ ಹೆಸರಿನಲ್ಲಿ ಅದಕ್ಕೆ ಈಶ್ರೀ ಬಾಗ್ ಎಂದು ಹೆಸರು. ಹಣ್ಣು ಮಾರಿದ ಹಣದಲ್ಲಿ ಬಾವಿ ನಡೆಯಬೇಕು, ನೀರಿಗೆ ಊರವರಿಂದ ಕಾಸು ತೆಗೆದುಕೊಳ್ಳಬಾರದು. ನಮ್ಮಲ್ಲಿ ಕೆರೆಗೆ, ಅರವಟ್ಟಿಗೆಗೆ ಭೂಮಿ ಬಿಟ್ಟುಕೊಡುತ್ತಿದ್ದರಲ್ಲ, ಅದೇ ಲೆಕ್ಕ. ಕೊಳಾಯಿ ನೀರು ಬಂದ ಮೇಲೂ ಕೆಲವರು ಇದನ್ನು ಸೇದುತ್ತಿದ್ದರು. 1964ರಲ್ಲಿ ನೂರು ವರ್ಷ ತುಂಬಿದಾಗ ರಾಣಿ ಎಲಿಜಬೆತ್ ಅವರ ಗಂಡ ಫಿಲಿಪ್ ಬಂದಿದ್ದರು, ಕಾಶಿಯಿಂದ ತಂದ ಗಂಗೆಯ ನೀರನ್ನು ಬಾವಿಗೆ ಸುರಿದರು.

ಬಯಲುಸೀಮೆಯವರೇ, ಬೋರ್ಡಿನ ಮೇಲೆ ರಾಜನ ಹೆಸರು ದೊಡ್ಡದಾಗಿದೆ. ಆ 4 ಅಡಿ ಅಗಲದ ಗುಂಡಿಯಲ್ಲಿ ಇಳಿದು 14 ತಿಂಗಳು ಮಣ್ಣು ತೋಡಿದ ಕೈಗಳನ್ನೂ, ನೀವು ಹೇಳಿದ ಕಂದಾಯದ ರೈತರನ್ನೂ ನಾನು ಅಲ್ಲಿ ನಿಂತಾಗ ಯೋಚಿಸಿರಲಿಲ್ಲ. ಮುಂದಿನ ಸಲ ಯೋಚಿಸುತ್ತೇನೆ.

ಬಯಲುಸೀಮೆ:

ಮೇಲಿನ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಹಗ್ಗದ ಖರ್ಚಿಗೂ ಗಿಡ ನೆಟ್ಟು ಹೋದವರು ಬಾವಿ ಸೇದಿ ಗೊತ್ತಿದ್ದವರೇ ಇರಬೇಕು.

ಮೇಷ್ಟ್ರಮಗಳು:

ನಾನು ಏಪ್ರಿಲ್‌ನಲ್ಲಿ ಮಗನ ಮನೆಗೆ, ಆಕ್ಸ್‌ಫರ್ಡ್‌ಗೆ ಬರುತ್ತಿದ್ದೇನೆ. ಚೆರ್ರಿ ಹೂ ಬಿಡುವ ಕಾಲ. ಬಾವಿಕಟ್ಟೆಯವರೇ, ಒಂದು ದಿನ ಬಿಡುವು ಮಾಡಿಕೊಳ್ಳಿ. ಮೊದಲು ಬಾವಿ ನೋಡೋಣ, ಅಲ್ಲಿಂದ ಆಸ್ಕಟ್‌ಗೆ ಹೋಗೋಣ. ಆ 16 ಹೆಂಗಸರ ನೆನಪಿಗೆ ಊರ ನಡುವಿನ ಹುಲ್ಲುಬಯಲಿನಲ್ಲಿ ಮರದ ಸುತ್ತ ಬೆಂಚು ಹಾಕಿದ್ದಾರಂತೆ. ಬುತ್ತಿ ನಾನು ತರುತ್ತೇನೆ, ಅಲ್ಲೇ ಕೂತು ತಿನ್ನೋಣ.